ಒಂದೇ ಬಾಗಿಲಿನ ಊರು

ಆಮ್‌ಸ್ಟರ್‌ಡ್ಯಾಮಿನ ಮುಖ್ಯ ನಿಲ್ದಾಣದಲ್ಲಿ ರೈಲು ಹತ್ತಿದರೆ ಇಪ್ಪತ್ತು ನಿಮಿಷದೊಳಗೆ ವೇಸ್ಪ್. ಅಲ್ಲಿರುವ ಹೋಗೆವೈಕ್ ಎಂಬ ಪುಟ್ಟ ಬಡಾವಣೆಗೆ ಒಂದೇ ಬಾಗಿಲು. ಸುತ್ತ ಬೇರೆ ಕಾಂಪೌಂಡ್ ಕಟ್ಟಿಲ್ಲ, ಎರಡಂತಸ್ತಿನ ಇಟ್ಟಿಗೆ ಮನೆಗಳ ಬೆನ್ನೇ ಗೋಡೆ. ಒಳಗೆ ಕಾಲಿಟ್ಟರೆ ಚೌಕ, ಮರದ ಬೆಂಚುಗಳು, ನಾಟಕ ಮಂದಿರ, ರೆಸ್ಟೋರೆಂಟ್, ಕೊಳ, ತೋಟ. ಮಳೆ ಹನಿಯುತ್ತಿದ್ದರೂ ವಯಸ್ಸಾದವರು ಹೊರಗೆ ಅಡ್ಡಾಡುತ್ತಿದ್ದರು. ಇಲ್ಲಿ ವಾಸವಾಗಿರುವವರೆಲ್ಲ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಬಹಳ ಮುಂದಕ್ಕೆ ಹೋದವರು. ಆದರೆ ದಾರಿ ತಪ್ಪುವ ಭಯವಿಲ್ಲ. ಎಲ್ಲಿ ತಿರುಗಿದರೂ ಊರಿನೊಳಗೇ ಇರುತ್ತಾರೆ. ಲಿಫ್ಟಿನೊಳಗೆ ನಿಂತರೆ ಸಾಕು, ಗುಂಡಿ ಒತ್ತುವುದು ನೆನಪಿಲ್ಲದಿದ್ದರೂ ಅದು ಹೊರಡುತ್ತದೆ.

ಸೂಪರ್ ಮಾರ್ಕೆಟ್ಟಿಗೆ ಹೋದೆ. ಅಜ್ಜಿಯೊಬ್ಬರು ತಳ್ಳುಗಾಡಿಯಲ್ಲಿ ಸಕ್ಕರೆ ಪೊಟ್ಟಣಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಯಾರೂ ತಡೆಯಲಿಲ್ಲ. ಹೆಚ್ಚಾದದ್ದನ್ನು ಆರೈಕೆ ಸಿಬ್ಬಂದಿ ಆಮೇಲೆ ಸದ್ದಿಲ್ಲದೆ ಅಂಗಡಿಗೆ ಮರಳಿಸುತ್ತಾರೆ. ಅವರು ಯಾರೆಂದು ಗುರುತಿಸಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು, ಏಕೆಂದರೆ ಇಲ್ಲಿ ಯಾರೂ ಸಮವಸ್ತ್ರ ತೊಡುವುದಿಲ್ಲ.

ಇದನ್ನು 'ನಾಟಕದ ಊರು' ಎಂದು ಟೀಕಿಸಿದವರಿದ್ದಾರೆ. ನಡೆದು ನೋಡಿದ ಮೇಲೆ ನನಗೆ ಹಾಗನ್ನಿಸಲಿಲ್ಲ. ಅಂಗಡಿಯಲ್ಲಿರುವ ಹಾಲು ನಿಜ, ಅಡುಗೆಮನೆಯ ಒಲೆ ನಿಜ, ಪಕ್ಕದ ಬೀದಿಯವರೂ ಬಂದು ಊಟ ಮಾಡುವ ರೆಸ್ಟೋರೆಂಟ್ ನಿಜ. ಸಾಮಾನ್ಯ ಆರೈಕೆ ಕೇಂದ್ರಗಳ ಉದ್ದನೆಯ ಕಾರಿಡಾರ್, ಸಾಲು ಮಂಚ, ಫಿನಾಯಿಲ್ ವಾಸನೆ, ಸಂಜೆ ಐದಕ್ಕೇ ಊಟ: ಯಾವ ಮನೆಯಲ್ಲೂ ಇಲ್ಲದ ಇವೇ ಅಸಹಜ.

ಇದೇ ಜಾಗದಲ್ಲಿ ಮೊದಲಿದ್ದದ್ದು ಆಸ್ಪತ್ರೆಯಂಥದೇ ಒಂದು ಆರೈಕೆ ಕೇಂದ್ರ. ಅಲ್ಲಿ ಕೆಲಸಕ್ಕಿದ್ದ ಇವೋನ್ ವಾನ್ ಆಮೆರೋಂಗೆನ್ ಅವರ ತಂದೆ ಹೃದಯಾಘಾತದಿಂದ ಹಠಾತ್ತಾಗಿ ತೀರಿಕೊಂಡರು. ಸುದ್ದಿ ಕೇಳಿದೊಡನೆ ಅವರಿಗೆ ಹೊಳೆದದ್ದು, ಸದ್ಯ, ಅಪ್ಪ ಇಂಥ ಕೇಂದ್ರ ಸೇರಬೇಕಾಗಲಿಲ್ಲ ಎಂಬ ಸಮಾಧಾನ. ತಾನೇ ದುಡಿಯುವ ಜಾಗ ತನ್ನ ತಂದೆಗೆ ಬೇಡವಾದರೆ ಬೇರೆಯವರಿಗೆ ಹೇಗೆ ಬೇಕಾದೀತು? 1990ರ ದಶಕದ ಆರಂಭದಲ್ಲಿ ಸಹೋದ್ಯೋಗಿಗಳ ಜೊತೆ ಶುರುವಾದ ಆ ಚರ್ಚೆ, 2009ರಲ್ಲಿ 23 ಮನೆ, 152 ನಿವಾಸಿಗಳ ಈ ಊರಾಯಿತು.

ಮನೆಗೆ ಆರೇಳು ಮಂದಿ. ಒಬ್ಬೊಬ್ಬರಿಗೂ ಸ್ವಂತ ಕೋಣೆ, ಎಲ್ಲರಿಗೂ ಸೇರಿ ಒಂದು ಹಜಾರ, ಒಂದು ಅಡುಗೆಮನೆ. ಜೀವನವಿಡೀ ಹೇಗೆ ಬದುಕಿದ್ದರೋ ಅದಕ್ಕೆ ಹೊಂದುವ ಮನೆಗೆ ಸೇರಿಸುತ್ತಾರೆ. ಕೈಕಸುಬಿನವರ ಮನೆ ಬೇರೆ, ಸಂಗೀತ ನಾಟಕ ಮೆಚ್ಚುವವರ ಮನೆ ಬೇರೆ. ಆರಂಭದಲ್ಲಿ ಡಚ್ಚರ ವಸಾಹತಾಗಿದ್ದ ಇಂಡೊನೇಷ್ಯಾದ ನಂಟಿದ್ದವರಿಗೂ ಪ್ರತ್ಯೇಕ ಮನೆಗಳಿದ್ದವು. ಅಲ್ಲಿ ಬೇಯುತ್ತಿದ್ದದ್ದು ಅನ್ನ. ಹೆಸರು ಮರೆತವರಿಗೂ ನಾಲಗೆಯ ರುಚಿ ಉಳಿದಿರಬಹುದು.

ಇಲ್ಲಿಗೆ ಬಂದವರು ಸಾಮಾನ್ಯವಾಗಿ ಕೊನೆಯುಸಿರೆಳೆಯುವುದೂ ಇಲ್ಲಿಯೇ. ಹಾಸಿಗೆ ಹಿಡಿದರೆಂದು ಬೇರೆ ವಾರ್ಡಿಗೆ ಸಾಗಿಸುವುದಿಲ್ಲ. ಅದೇ ಕೋಣೆ, ಅದೇ ಕಿಟಕಿ, ಪರಿಚಿತ ಕೈಗಳು. ಇಂಥ ಕೇಂದ್ರಗಳ ವೃದ್ಧರನ್ನು ನೋಡಿಕೊಳ್ಳುವುದು ನೆದರ್ಲೆಂಡ್ಸಿನಲ್ಲಿ ವೈದ್ಯಕೀಯದ ಪ್ರತ್ಯೇಕ ಶಾಖೆಯೇ ಆಗಿದೆ. ಕಾಯಿಲೆಯ ಕೊನೆಯ ಹಂತದಲ್ಲಿ ನುಂಗುವ ಶಕ್ತಿಯೇ ಕುಂದುತ್ತದೆ. ಆಗ ಮೂಗಿಗೆ ನಳಿಕೆ ಹಾಕುವುದು ಈ ದೇಶದಲ್ಲಿ ತೀರ ಅಪರೂಪ. ನಳಿಕೆಯಿಂದ ಆಯುಷ್ಯ ಹೆಚ್ಚುವುದಿಲ್ಲ, ನ್ಯುಮೋನಿಯಾ ತಪ್ಪುವುದಿಲ್ಲ ಎಂದು ಅಧ್ಯಯನಗಳು ಹೇಳಿವೆ. ಅಮೆರಿಕದ ವೃದ್ಧ ವೈದ್ಯಕೀಯ ಸಂಘವೂ ಚಮಚದಲ್ಲಿ ನಿಧಾನವಾಗಿ ತಿನ್ನಿಸಿ ಎನ್ನುತ್ತದೆ. ಬೇಡವೆಂದು ಬಾಯಿ ಮುಚ್ಚಿದರೆ ತುಟಿ ಒದ್ದೆ ಮಾಡಿ, ಬಾಯಿ ಶುಚಿಮಾಡಿ ಪಕ್ಕದಲ್ಲಿ ಕೂರುವುದೇ ಶುಶ್ರೂಷೆ. ನೋವಿದೆಯೆಂದು ಹೇಳಲಾರದವರ ಉಸಿರು, ನರಳಿಕೆ, ಹುಬ್ಬಿನ ಗಂಟು, ಮುಷ್ಟಿಯ ಬಿಗಿತ, ಮೈ ಸವರಿದಾಗ ಸಮಾಧಾನವಾಯಿತೇ ಎಂಬುದು, ಈ ಐದನ್ನು ನೋಡಿ ನೋವಿಗೆ ಅಂಕ ಕೊಡುವ ಕ್ರಮವೂ ಇದೆ. ಯಾವ ಯಂತ್ರವೂ ಬೇಡ. ಮನೆಯವರೂ ಕಲಿಯಬಹುದು.

ನಮ್ಮ ಐಸಿಯುಗಳಲ್ಲಿ, ನಳಿಕೆ ಕಿತ್ತುಕೊಳ್ಳದಿರಲಿ ಎಂದು ಮಂಚಕ್ಕೆ ಕೈ ಕಟ್ಟಿಸಿಕೊಂಡು, ತಾನೆಲ್ಲಿದ್ದೇನೆಂದು ತಿಳಿಯದೆ ಒದ್ದಾಡುವ ಹಿರಿಯರನ್ನು ನಾನು ನೋಡಿದ್ದೇನೆ. ಹೊರಗೆ ಮಗ ಸಹಿ ಹಾಕಲೂ ಆಗದೆ, ಹಾಕದಿರಲೂ ಆಗದೆ ನಿಂತಿರುತ್ತಾನೆ.

ಹೋಗೆವೈಕಿನಂಥ ಊರು ಕಟ್ಟಲು ಹಣ ಬೇಕು. ಡಚ್ ನಿವಾಸಿ ಆದಾಯಕ್ಕೆ ತಕ್ಕಷ್ಟು ಕೊಟ್ಟರೆ ಉಳಿದ ವೆಚ್ಚವನ್ನು ಅಲ್ಲಿನ ದೀರ್ಘಾವಧಿ ಆರೈಕೆ ವಿಮೆ ಭರಿಸುತ್ತದೆ. ಭಾರತದಲ್ಲಿ ಡಿಮೆನ್ಷಿಯಾ ಇರುವವರು ಸುಮಾರು 88 ಲಕ್ಷ ಎಂದು 2023ರಲ್ಲಿ ಪ್ರಕಟವಾದ ಅಂದಾಜು. ಅವರಲ್ಲಿ ಬಹುತೇಕರ ಭಾರ ಮಗಳ ಅಥವಾ ಸೊಸೆಯ ಹೆಗಲ ಮೇಲಿದೆ. ಹೋಗೆವೈಕಿನ ಇಟ್ಟಿಗೆ ನಮಗೆ ಸಿಗಲಿಕ್ಕಿಲ್ಲ. ಆದರೆ ಕೊನೆಯ ದಿನಗಳು ಹೇಗಿರಬೇಕೆಂದು ಮೊದಲೇ ಮಾತಾಡಿಕೊಳ್ಳಲು ಇಟ್ಟಿಗೆ ಬೇಕಿಲ್ಲ. ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಗಡವಾಗಿ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯ ಮಾಡಿತು, 2023ರಲ್ಲಿ ಅದರ ಕ್ರಮವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿಯಿಂದಲೋ ಗೆಜೆಟೆಡ್ ಅಧಿಕಾರಿಯಿಂದಲೋ ದೃಢೀಕರಿಸಿದರೆ ಸಾಕು. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಇದರ ಜಾರಿಗೆ ಆದೇಶ ಹೊರಡಿಸಿದೆ. ಬರೆಯುವವರ ಬುದ್ಧಿ ಸ್ವಸ್ಥವಾಗಿರಬೇಕು ಎಂಬುದು ಅದರ ಮೊದಲ ಷರತ್ತು. ಮನೆಯಲ್ಲಿ ಅಪ್ಪನಿಗೋ ಅಮ್ಮನಿಗೋ ಮರೆವು ಈಗಷ್ಟೇ ಕಾಣಿಸಿಕೊಂಡಿದ್ದರೆ, ಅವರು ತಿಳಿದು ಉತ್ತರ ಕೊಡಬಲ್ಲ ಈ ದಿನಗಳಲ್ಲೇ ಪಕ್ಕದಲ್ಲಿ ಕೂತು ಕೇಳಿ, ಬರೆಸಿಡಿ.