ಮೂರು ಸಲ ಕೂಡಿಸಿದ್ರೂ ಒಂದೇ ಯಾಕೆ? ರಿಯಾಕ್ಟ್ ಸ್ಟೇಟ್‌ನ ಒಳಗುಟ್ಟು

ರಿಯಾಕ್ಟ್ ಕಲಿಯೋಕೆ ಶುರು ಮಾಡಿದವರು ಸಾಮಾನ್ಯವಾಗಿ ಎಡವುವ ಒಂದು ಜಾಗ ಇದೆ. ಇವತ್ತಿನ ಮಾತು ಅದರ ಬಗ್ಗೆಯೇ. ಬಸ್ಸಲ್ಲಿ ಕೂತು ಕೇಳ್ತಿದ್ರೂ ಪರವಾಗಿಲ್ಲ, ಲ್ಯಾಪ್‌ಟಾಪ್ ಬೇಕಾಗಲ್ಲ.

ಟಿಕೆಟ್ ಬುಕ್ ಮಾಡೋ ಒಂದು ಪುಟ ಅಂದ್ಕೊಳ್ಳಿ. ಅದರಲ್ಲಿ 'ಮೂರು ಸೀಟು ಸೇರಿಸಿ' ಅನ್ನೋ ಬಟನ್ ಇದೆ. ಬಟನ್ ಒತ್ತಿದಾಗ ಓಡುವ ಫಂಕ್ಷನ್‌ಗೆ ಈವೆಂಟ್ ಹ್ಯಾಂಡ್ಲರ್ ಅಂತಾರೆ. ಅದರೊಳಗೆ ನೀವು 'ಸೆಟ್‌ಸೀಟ್ಸ್, ಸೀಟ್ಸ್ ಪ್ಲಸ್ ಒಂದು' ಅಂತ ಮೂರು ಸಲ ಬರೆದಿದ್ದೀರಿ. ಸೊನ್ನೆಯಿಂದ ಶುರುವಾಗಿ ಪರದೆ ಮೇಲೆ 3 ಬರಬೇಕಿತ್ತು. ಬಂದದ್ದು 1. ಎರರ್ ಕೂಡ ಇಲ್ಲ!

ಯಾಕೆ ಹೀಗೆ? ಫಂಕ್ಷನ್ ಕಾಂಪೊನೆಂಟ್ ಅಂದ್ರೆ ಹೆಸರೇ ಹೇಳುವಂತೆ ಒಂದು ಫಂಕ್ಷನ್. ಪರದೆಯನ್ನು ಹೊಸದಾಗಿ ಬರೆಯಬೇಕಾದಾಗಲೆಲ್ಲ ಅದು ಮೇಲಿಂದ ಕೆಳಗೆ ಮತ್ತೆ ಓಡುತ್ತೆ. ಒಳಗೆ ಸಾಮಾನ್ಯ ವೇರಿಯಬಲ್ ಇಟ್ರೆ ಪ್ರತಿ ಸಲವೂ ಮೊದಲಿನಿಂದ ಶುರು. ಹಾಗಾಗಿ ಬೇಕಾಗೋದು ಯೂಸ್‌ಸ್ಟೇಟ್. 2019ರ ಫೆಬ್ರವರಿಯಲ್ಲಿ ರಿಯಾಕ್ಟ್ 16.8 ಜೊತೆ ಬಂದ ಹುಕ್ ಇದು. ಇದು ಕೊಡೋದು ಎರಡು: ಈಗಿನ ಬೆಲೆ, ಮತ್ತು ಅದನ್ನು ಬದಲಿಸೋ ಫಂಕ್ಷನ್.

ಗುಟ್ಟು ಇರೋದು 'ಈಗಿನ' ಅನ್ನೋ ಮಾತಲ್ಲಿ. ಕ್ರಿಕೆಟ್ ಸ್ಕೋರಿನ ಸ್ಕ್ರೀನ್‌ಶಾಟ್ ತೆಗೆದಿದ್ದೀರಿ. ಮ್ಯಾಚ್ ಮುಂದೆ ಹೋಗುತ್ತೆ, ಸ್ಕ್ರೀನ್‌ಶಾಟ್ ಬದಲಾಗಲ್ಲ. ಹ್ಯಾಂಡ್ಲರ್ ಕೈಯಲ್ಲಿರೋದೂ ಅಂಥದ್ದೇ. ಅದರಲ್ಲಿ ಸೀಟು 0. ಸೊನ್ನೆಗೆ ಒಂದು ಕೂಡಿಸಿ 'ಮುಂದಿನ ಸಲ 1 ತೋರಿಸು' ಅಂತ ಮೂರು ಸಲ ಕೇಳಿದ್ದೀರಿ ಅಷ್ಟೇ. ಹ್ಯಾಂಡ್ಲರ್ ಮುಗಿದ ಮೇಲೆ ರಿಯಾಕ್ಟ್ ಎಲ್ಲ ಕೋರಿಕೆಗಳನ್ನು ಒಟ್ಟಿಗೆ ನೋಡಿ, ಒಂದೇ ಸಲ ಪರದೆ ಬದಲಿಸುತ್ತೆ.

ಪರಿಹಾರ ಸುಲಭ. ಸಂಖ್ಯೆ ಕೊಡಬೇಡಿ, ಫಂಕ್ಷನ್ ಕೊಡಿ: 'ಹಿಂದಿನ ಲೆಕ್ಕ ಎಷ್ಟೇ ಇರಲಿ, ಅದಕ್ಕೆ ಒಂದು ಕೂಡಿಸು'. ಆಗ ರಿಯಾಕ್ಟ್ ಸಾಲಾಗಿ ನಡೆಸುತ್ತೆ. ಸೊನ್ನೆ ಒಂದಾಗಿ, ಒಂದು ಎರಡಾಗಿ, ಎರಡು ಮೂರಾಗುತ್ತೆ.

ಇದು ಬರೀ ಇಂಟರ್‌ವ್ಯೂ ಪ್ರಶ್ನೆ ಅಲ್ಲ. ಹ್ಯಾಂಡ್ಲರ್ ಸರ್ವರ್‌ನ ಉತ್ತರಕ್ಕೆ ಕಾಯ್ತಿರುವಾಗ ಬಳಕೆದಾರರು ಒಂದು ಸೀಟು ತೆಗೆದುಹಾಕಿದ್ರೆ? ಕಾಯ್ತಿರೋ ಹ್ಯಾಂಡ್ಲರ್ ಹಳೇ ಸ್ಕ್ರೀನ್‌ಶಾಟನ್ನೇ ನೋಡ್ತಿರುತ್ತೆ. ಆ ಹಳೇ ಸಂಖ್ಯೆಗೇ ಕೂಡಿಸಿದ್ರೆ, ತೆಗೆದ ಸೀಟು ಮತ್ತೆ ಲೆಕ್ಕಕ್ಕೆ ಬಂದು ಯಾರದ್ದೋ ಬಿಲ್ ತಪ್ಪಾಗುತ್ತೆ.

ಕೊನೆಗೆ ಇನ್ನೊಂದು ಎಚ್ಚರಿಕೆ. ಆನ್‌ಕ್ಲಿಕ್‌ಗೆ ಹ್ಯಾಂಡ್ಲರ್‌ನ ಹೆಸರಷ್ಟೇ ಕೊಡಿ. ಹೆಸರಿನ ಮುಂದೆ ಆವರಣ ಹಾಕಿದ್ರೆ ಬಟನ್ ಒತ್ತೋ ಮೊದಲೇ, ಪರದೆ ಬರೆಯುವಾಗಲೇ ಅದು ಓಡಿಬಿಡುತ್ತೆ.

ಮನೆಗೆ ಹೋಗಿ ಆ ಮೂರು ಸಾಲನ್ನು ಎರಡೂ ರೀತಿ ಬರೆದು ನೋಡಿ. ಒಮ್ಮೆ 1, ಒಮ್ಮೆ 3 ಕಂಡ್ರೆ ವಿಷಯ ಅರ್ಥ ಆಯ್ತು ಅಂತಲೇ. ಮತ್ತೆ ಸಿಗೋಣ.