ಕೆಲಸದ ಅಂದಾಜು, ಶರೀರದ ಲೆಕ್ಕ

ಮಾಡಬೇಕಾದ ಕೆಲಸಗಳನ್ನು ಮೊಬೈಲಿನಲ್ಲಿ ಬರೆದಿಡುವ ರೂಢಿ ಕವಿ ರನ್ನನ ಬೆಳಗಲಿಯಂತಹ ನಮ್ಮ ಊರುಗಳಿಗೂ ಬಂದಿದೆ. ಕಬ್ಬಿಗೆ ನೀರು ಹಾಯಿಸುವುದು, ಮುಧೋಳದ ಬ್ಯಾಂಕಿಗೆ ಹೋಗಿ ಬರುವುದು, ಸಂಜೆ ಬೀಗರ ಮನೆಯ ಕಾರ್ಯ, ಎಲ್ಲವೂ ಪಟ್ಟಿಯಲ್ಲಿರುತ್ತವೆ. ಒಂದೊಂದಕ್ಕೂ ಒಂದು ಗಂಟೆ. ಈ ಒಂದು ಗಂಟೆಯನ್ನು ಎಷ್ಟೋ ಸಲ ನಾವು ಯೋಚಿಸಿ ಇಟ್ಟದ್ದೂ ಅಲ್ಲ; ಗೂಗಲ್ ಕ್ಯಾಲೆಂಡರಿನಲ್ಲಿ ನಾವು ಬದಲಿಸದಿದ್ದರೆ ಸಾಮಾನ್ಯವಾಗಿ ಅದೇ ತಾನಾಗಿ ಬಂದು ಕೂಡುತ್ತದೆ. ಬ್ಯಾಂಕಿನ ಸರದಿಯಾಗಲಿ ಹೊಲದ ಕರೆಂಟಾಗಲಿ ಅದಕ್ಕೇನು ತಿಳಿದೀತು?

ಅಂದಾಜು ತಪ್ಪಿದಾಗ ಆ ಕೊರತೆಯನ್ನು ತುಂಬುವುದು ನಮ್ಮ ಶರೀರ. ಮಧ್ಯಾಹ್ನದ ಊಟ ಮೂರು ಗಂಟೆಗೆ ಜಾರುತ್ತದೆ. ವಯಸ್ಕರಿಗೆ ಕನಿಷ್ಠ 7 ಗಂಟೆ ಬೇಕಾದ ನಿದ್ರೆ ಐದಕ್ಕೆ ಇಳಿಯುತ್ತದೆ. ಇನ್ಸುಲಿನ್ ಅಥವಾ ಕೆಲವು ಬಗೆಯ ಗುಳಿಗೆಗಳನ್ನು ತೆಗೆದುಕೊಳ್ಳುವ ಮಧುಮೇಹಿಗಳಿಗಂತೂ ಊಟ ತಡವಾಗುವುದು ಅಪಾಯಕರ; ರಕ್ತದ ಸಕ್ಕರೆ ಇಳಿದು ಬೆವರು, ನಡುಕ, ತಲೆಸುತ್ತು ಕಾಣಿಸಿಕೊಂಡು ಪ್ರಜ್ಞೆಯೂ ತಪ್ಪಬಹುದು.

ಕೆಲಸಕ್ಕೆ ಹಿಡಿಯುವ ಕಾಲವನ್ನು ಕಡಿಮೆಯಾಗಿ ಎಣಿಸುವುದು ಮನುಷ್ಯ ಸ್ವಭಾವವೆಂದು ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವರ್ಸ್ಕಿ 1979ರಲ್ಲಿಯೇ ಗುರುತಿಸಿದ್ದರು. ರೋಜರ್ ಬ್ಯೂಲರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಸರಾಸರಿ 34 ದಿನಗಳಲ್ಲಿ ಮುಗಿಯುವುದೆಂದರು. ಎಲ್ಲವೂ ಕೆಟ್ಟರೂ 49 ದಿನ ಸಾಕೆಂದರು. ಹಿಡಿದದ್ದು 55 ದಿನಗಳಿಗೂ ಹೆಚ್ಚು! ಮುಂದಿನ ಯೋಜನೆಯನ್ನು ನೋಡುವ ಮನಸ್ಸು ಹಿಂದಿನ ಅನುಭವವನ್ನು ನೋಡುವುದಿಲ್ಲ.

ಆದುದರಿಂದ ಕೆಲಸ ಮುಗಿದೊಡನೆ ನಿಜವಾಗಿ ಹಿಡಿದ ಸಮಯವನ್ನು ಅಲ್ಲಿಯೇ ಟಿಪ್ಪಣಿಯಾಗಿ ಬರೆದಿಡಬೇಕು. ಹಿಂದಿನ ಮೂರು ಸಲ ಬ್ಯಾಂಕಿಗೆ ಎರಡು, ಮೂರು, ಎರಡೂವರೆ ಗಂಟೆ ಹಿಡಿದಿದ್ದರೆ ನಾಲ್ಕನೆಯ ಸಲ ಮೂರು ಗಂಟೆ ಇಡುವುದೇ ಸರಿ. ಹಲ್ಲುಜ್ಜುವುದಕ್ಕೂ ನಿಮಿಷ ಎಣಿಸುವವರಿದ್ದಾರೆ. ಅಷ್ಟು ಬೇಡ, ಅದೂ ಒಂದು ವ್ಯಾಧಿಯೇ.

ಸಮಯ ಬೇರೆ, ಶ್ರಮ ಬೇರೆ. ನೆರಳಿನಲ್ಲಿ ಕುಳಿತು ಎರಡು ಗಂಟೆ ಲೆಕ್ಕ ಬರೆಯುವುದೂ ಬಿಸಿಲಿನಲ್ಲಿ ಎರಡು ಗಂಟೆ ಕಬ್ಬಿನ ರವದಿ ತೆಗೆಯುವುದೂ ಪಟ್ಟಿಯಲ್ಲಿ ಒಂದೇ ಉದ್ದವಾಗಿ ಕಾಣುತ್ತವೆ, ಹೃದಯಕ್ಕೆ ಮಾತ್ರ ಒಂದೇ ಅಲ್ಲ. ಕೆಲಸದ ಹೆಸರಿನ ಮುಂದೆ ‘ಹಗುರ’, ‘ಭಾರ’ ಎಂಬ ಒಂದು ಪದ ಸೇರಿಸಿದರೆ ಸಾಕು. ಎರಡು ಭಾರದ ಕೆಲಸಗಳು ಅಕ್ಕಪಕ್ಕ ಬರದಂತೆ, ಬೇಸಿಗೆಯಲ್ಲಿ ಭಾರದ್ದು ಬೆಳಗಿನ ಹೊತ್ತಿಗೇ ಮುಗಿಯುವಂತೆ ಇಡುವುದು ಆಗ ಸುಲಭ. ರಕ್ತದೊತ್ತಡವಿರುವವರು ಎಷ್ಟು ಭಾರ ತಮಗೆ ಸಲ್ಲುವುದೆಂದು ವೈದ್ಯರನ್ನು ಕೇಳಬೇಕು.

ಊಟ, ಔಷಧಿ, ನಿದ್ರೆ ಇವುಗಳನ್ನು ಮೊದಲು ಬರೆದು, ಉಳಿದ ಜಾಗದಲ್ಲಿ ಕೆಲಸಗಳನ್ನು ಕೂಡಿಸುವ ಸದ್ಭಕ್ತರಿಗೆ ಇನ್ನೊಂದು ಮಾತು: ಕಬ್ಬಿನ ಕಟಾವಿನ ಸರದಿ ನಮ್ಮ ಕೈಯಲ್ಲಿಲ್ಲ. ಅದಕ್ಕೆ ಗಂಟೆ ಗೊತ್ತುಮಾಡದೆ ‘ಕಾಯುವುದು’ ಎಂದಷ್ಟೇ ಬರೆದು, ಆ ವಾರದಲ್ಲಿ ಬೇರೆ ಭಾರದ ಕೆಲಸ ಇಟ್ಟುಕೊಳ್ಳದಿರುವುದು ಲೇಸು.