ನಿಮಗಿದು ಗೊತ್ತೇ? ಗಿಟಾರಿಗೆ ಬಾಯಿ ಕೊಟ್ಟ ಪೆಡಲ್

ವಾ-ವಾ ಪೆಡಲ್ ಹುಟ್ಟಿದ್ದು ಖರ್ಚು ಉಳಿಸಲು ಹೋಗಿ! 1966ರಲ್ಲಿ ಕ್ಯಾಲಿಫೋರ್ನಿಯಾದ ಥಾಮಸ್ ಆರ್ಗನ್ ಕಂಪನಿ ತನ್ನ ವಾಕ್ಸ್ ಆಂಪ್ಲಿಫೈಯರಿನ ಒಂದು ದುಬಾರಿ ಸ್ವಿಚ್ಚನ್ನು ತೆಗೆದುಹಾಕಲು ನೋಡುತ್ತಿತ್ತು. ಎಂಜಿನಿಯರ್ ಬ್ರ್ಯಾಡ್ ಪ್ಲಂಕೆಟ್ ಅದರ ಜಾಗಕ್ಕೆ ತಿರುಗಿಸುವ ಅಗ್ಗದ ಪಾಟ್ (ಪೊಟೆನ್ಷಿಯೋಮೀಟರ್) ಹಾಕಿದರು. ತಿರುಗಿಸಿದರೆ ಸದ್ದು ‘ವಾ’ ಎಂದಿತು. ಆದರೆ ಗಿಟಾರ್ ನುಡಿಸುವವನಿಗೆ ಮೂರನೇ ಕೈ ಎಲ್ಲಿದೆ? ಹತ್ತಿರ ಬಿದ್ದಿದ್ದ ಆರ್ಗನ್ನಿನ ವಾಲ್ಯೂಮ್ ಪೆಡಲಿನೊಳಗೆ ಸರ್ಕ್ಯೂಟನ್ನು ಕೂರಿಸಿ, ಕೆಲಸವನ್ನು ಕಾಲಿಗೆ ವಹಿಸಿದರು.

ಕಂಪನಿಯ ಕಣ್ಣು ಮೊದಲು ಬಿದ್ದದ್ದು ಗಿಟಾರಿನ ಮೇಲಲ್ಲ, ಊದುವ ವಾದ್ಯಗಳ ಮೇಲೆ. ಹಾಗಾಗಿ 1967ರ ಮೊದಲ ಪೆಡಲಿಗೆ ಟ್ರಂಪೆಟ್ ವಾದಕ ಕ್ಲೈಡ್ ಮೆಕಾಯ್ ಹೆಸರು, ತಳದ ತಗಡಿನ ಮೇಲೆ ಅವರದೇ ಚಿತ್ರ. ‘ಇದು ಗಿಟಾರಿನ ವಸ್ತು’ ಎಂದು ಪಟ್ಟು ಹಿಡಿದವರು ಗಿಟಾರ್ ವಾದಕ ಡೆಲ್ ಕ್ಯಾಶರ್. ಯಾರು ಸರಿ ಎಂಬುದನ್ನು ಅದೇ ವರ್ಷ ಎರಿಕ್ ಕ್ಲ್ಯಾಪ್ಟನ್ ಮತ್ತು ಜಿಮಿ ಹೆಂಡ್ರಿಕ್ಸ್ ತೀರ್ಮಾನಿಸಿದರು.

ಪೆಡಲ್ ಮಾಡುವುದೇನು? ‘ಊ’ ಎಂದು ತುಟಿ ಚೂಪು ಮಾಡಿ, ದನಿ ನಿಲ್ಲಿಸದೆ ‘ಆ’ ಎಂದು ಬಾಯಿ ತೆರೆಯಿರಿ. ಶ್ರುತಿ ಇದ್ದಲ್ಲೇ ಇರುತ್ತದೆ. ಬಾಯಿಯ ಪೊಳ್ಳು ಎತ್ತಿ ಕೊಡುವ ಕಂಪನಗಳು ಮಾತ್ರ ಮೇಲಕ್ಕೆ ಸರಿಯುತ್ತವೆ. ಪೆಡಲ್ ಮಾಡುವುದೂ ಅಷ್ಟೇ. ಹಿಮ್ಮಡಿ ಒತ್ತಿದಾಗ ಸುಮಾರು 400 ಹರ್ಟ್ಸ್ ಆಸುಪಾಸು ಉಬ್ಬು, ಮುಂಗಾಲು ಒತ್ತಿದಾಗ ಅದು 2,200ರ ಸುತ್ತ.

ಇಷ್ಟಕ್ಕೆಲ್ಲ ಬೇಕಾದದ್ದು ಎರಡು ಟ್ರಾನ್ಸಿಸ್ಟರ್, ಒಂದು ಇಂಡಕ್ಟರ್, ಒಂದು ಪಾಟ್, ಒಂದು ಹಿಡಿ ರೆಸಿಸ್ಟರ್ ಮತ್ತು ಕೆಪಾಸಿಟರ್, 9 ವೋಲ್ಟಿನ ಬ್ಯಾಟರಿ.

‘ಕ್ರೈ ಬೇಬಿ’ ಮತ್ತು ‘ವಾಕ್ಸ್’ ವಾ ಪೆಡಲ್‌ಗಳು ಹುಟ್ಟಿನಲ್ಲಿ ಬೇರೆ ಬೇರೆಯಲ್ಲ. ಥಾಮಸ್ ಆರ್ಗನ್ ಒಂದೇ ವಿನ್ಯಾಸವನ್ನು ಎರಡು ಹೆಸರಿನಲ್ಲಿ ಮಾರಿತು. ಇಟಲಿಯ ಜೆನ್ ಕಾರ್ಖಾನೆಯಿಂದಲೂ ಎರಡೂ ಹೊರಬಂದವು. 1982ರಲ್ಲಿ ಕ್ರೈ ಬೇಬಿ ಡನ್ಲಪ್ ಕಂಪನಿಯ ಪಾಲಾಯಿತು. ಯಾವುದು ಮೇಲು ಎಂಬ ಜಗಳ ಇಂದಿಗೂ ಮುಗಿದಿಲ್ಲ.

ಹೋಲಿಸಿ ನೋಡುವವರಿಗೆ ಒಂದು ಗುಟ್ಟು: ಎರಡರ ಸದ್ದಿನ ಮಟ್ಟವನ್ನು ಮೊದಲು ಸಮ ಮಾಡಿಕೊಳ್ಳಿ. ತುಸು ಜೋರಾಗಿ ಕೇಳಿಸಿದ್ದೇ ಚೆನ್ನಾಗಿದೆ ಎಂದು ನಮ್ಮ ಕಿವಿ ಹೇಳಿಬಿಡುತ್ತದೆ.

ಇನ್ನು ಬದಲಾವಣೆಯ ವಿಚಾರ. ಮೊದಲ ಪ್ರಯೋಗಕ್ಕೆ ಬೆಸುಗೆಯೂ ಬೇಡ, ಕಾಸೂ ಬೇಡ. ಪೆಡಲಿಗೆ ಅಂಟಿದ ಹಲ್ಲುಪಟ್ಟಿ ಪಾಟಿನ ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಪಟ್ಟಿ ಸಡಿಲಿಸಿ ಚಕ್ರವನ್ನು ಒಂದೆರಡು ಹಲ್ಲು ಆಚೀಚೆ ಸರಿಸಿದರೆ ಪೆಡಲ್ ಓಡಾಡುವ ವ್ಯಾಪ್ತಿಯೇ ಜರುಗುತ್ತದೆ. ತೀರಾ ಅಂಚಿಗೆ ತಳ್ಳಿ ಕಾಲಿಟ್ಟು ಒತ್ತಿದರೆ ಮಾತ್ರ ಪಾಟ್ ಮುರಿಯುತ್ತದೆ.

ಎರಡನೆಯದು 0.01 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್. ನನ್ನ ಮಟ್ಟಿಗೆ ಇಡೀ ಪೆಡಲಿನ ಯಜಮಾನ ಇದೇ. 500 ಮಿಲಿಹೆನ್ರಿ ಇಂಡಕ್ಟರಿನ ಜೊತೆ ಲೆಕ್ಕ ಹಾಕಿದರೆ ಮೇಲಿನ ತುದಿ 2,250 ಹರ್ಟ್ಸ್ ಬರುತ್ತದೆ. ಅದರ ಜಾಗಕ್ಕೆ 0.022 ಹಾಕಿ, ಅದು 1,520ರ ಹತ್ತಿರಕ್ಕೆ ಇಳಿಯುತ್ತದೆ. ದನಿ ದಪ್ಪವಾಗಿ ಬೇಸ್ ಗಿಟಾರಿಗೂ ಒಗ್ಗುತ್ತದೆ. ಚಿಲ್ಲರೆ ಕಾಸಿನ ಈ ತುಂಡು ತರುವಷ್ಟು ವ್ಯತ್ಯಾಸವನ್ನು ಎಷ್ಟೋ ಹೊಸ ಪೆಡಲ್‌ಗಳೂ ತರುವುದಿಲ್ಲ.

ಇಂಡಕ್ಟರಿನ ಪಕ್ಕದಲ್ಲಿ 33 ಕಿಲೋಓಮ್ ರೆಸಿಸ್ಟರ್ ಇದೆ. ಅದರ ಮೌಲ್ಯ ಏರಿಸಿದರೆ ಉಬ್ಬು ಚೂಪಾಗಿ ಗಿಟಾರ್ ಮಾತಾಡಿದಂತೆ ಕೇಳುತ್ತದೆ, ಇಳಿಸಿದರೆ ಮೆತ್ತಗಾಗುತ್ತದೆ. 390 ಓಮ್‌ನ ಇನ್ನೊಂದು ರೆಸಿಸ್ಟರಿನ ಮೌಲ್ಯ ಸ್ವಲ್ಪ ಕಡಿಮೆ ಮಾಡಿದರೆ ಸದ್ದೂ ಬೇಸೂ ಹೆಚ್ಚುತ್ತವೆ.

ಹಳೆಯ ‘ಹ್ಯಾಲೋ’, ‘ಫಾಸೆಲ್’ ಇಂಡಕ್ಟರ್‌ಗಳನ್ನು ಹುಡುಕಿಕೊಂಡು ಹೋಗಿ ಹಣ ಸುರಿಯುವವರಿದ್ದಾರೆ. ವ್ಯತ್ಯಾಸವೇ ಇಲ್ಲ ಎನ್ನಲಾರೆ. ಆದರೆ ಕೆಪಾಸಿಟರ್ ಮುಟ್ಟದೆ ನೇರವಾಗಿ ಇಂಡಕ್ಟರಿಗೆ ಕೈ ಹಾಕುವುದು ದುಂದು.

ಹಳೆಯ ಪೆಡಲ್ ಆಫ್ ಇದ್ದಾಗಲೂ ಗಿಟಾರಿನ ಹೊಳಪು ಕದಿಯುತ್ತದೆ! ಅದರ ಸ್ವಿಚ್ ಔಟ್‌ಪುಟ್ಟನ್ನು ಮಾತ್ರ ಬದಲಿಸುತ್ತದೆ. ಇನ್‌ಪುಟ್ ಸರ್ಕ್ಯೂಟಿಗೆ ಅಂಟಿಕೊಂಡೇ ಇರುತ್ತದೆ. ಎರಡೂ ತುದಿ ಕತ್ತರಿಸುವ ‘ಟ್ರೂ ಬೈಪಾಸ್’ ಸ್ವಿಚ್ ಅಥವಾ ಮುಂದೊಂದು ಬಫರ್ (ಸಿಗ್ನಲ್ ಸೊರಗದಂತೆ ಕಾಯುವ ಪುಟ್ಟ ಸರ್ಕ್ಯೂಟ್) ಇದಕ್ಕೆ ಮದ್ದು.

ಹೆಂಡ್ರಿಕ್ಸ್‌ನಂತೆ ವಾ ಮೊದಲು, ಫಝ್ ಫೇಸ್ ಎಂಬ ಡಿಸ್ಟಾರ್ಷನ್ ಪೆಡಲ್ ಆಮೇಲೆ ಇಟ್ಟು ‘ವಾ’ ಸೊರಗಿತೆಂದು ಗಾಬರಿಯಾದಿರಾ? ಪೆಡಲ್ ಕೆಟ್ಟಿಲ್ಲ. ಫಝ್ ಫೇಸಿನ ಇನ್‌ಪುಟ್ ಇಂಪೀಡೆನ್ಸ್ ತೀರಾ ಕಡಿಮೆ, ಅದು ವಾ ಸರ್ಕ್ಯೂಟನ್ನು ಹಿಡಿದೆಳೆಯುತ್ತದೆ. ವಾ ಪೆಡಲಿನ ಔಟ್‌ಪುಟ್ಟಿಗೆ ಒಂದು ಬಫರ್ ಹಾಕಿದರೆ ಇಬ್ಬರಿಗೂ ರಾಜಿ.

ಪಾಟೇ ಇಲ್ಲದ ವಾ ಕೂಡ ಇದೆ. ಮಾರ್ಲಿ ಕಂಪನಿಯ ಪೆಡಲ್‌ಗಳಲ್ಲಿ ಕಾಲಿನ ಚಲನೆ ಬೆಳಕನ್ನು ಮರೆಮಾಡುತ್ತದೆ ಇಲ್ಲವೇ ಬಿಡುತ್ತದೆ, ಬೆಳಕಿಗೆ ಸ್ಪಂದಿಸುವ ಕೋಶ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಸವೆದು ಕರಕರ ಎನ್ನುವ ಪ್ರಶ್ನೆಯೇ ಇಲ್ಲ. 1972ರ ಮ್ಯೂ-ಟ್ರಾನ್ III ಅಂತೂ ಕಾಲನ್ನೇ ಕೈಬಿಟ್ಟಿತು: ನೀವು ಎಷ್ಟು ಜೋರಾಗಿ ನುಡಿಸುತ್ತೀರೋ ಫಿಲ್ಟರ್ ಅಷ್ಟು ತೆರೆಯುತ್ತದೆ. ಸ್ಟೀವಿ ವಂಡರ್ ಅದಕ್ಕೆ ಕ್ಲಾವಿನೆಟ್ ಕೀಬೋರ್ಡ್ ಜೋಡಿಸಿದರು.

ಪಿಂಕ್ ಫ್ಲಾಯ್ಡ್‌ನ ‘ಎಕೋಸ್’ (1971) ನಡುವೆ ಕಡಲಹಕ್ಕಿ ಚೀರಿದಂತೆ ಕೇಳುವುದು ಡೇವಿಡ್ ಗಿಲ್ಮೋರ್ ಗಿಟಾರ್. ಕೇಬಲ್‌ಗಳನ್ನು ಅದಲುಬದಲು ಮಾಡಿ, ಗಿಟಾರನ್ನು ವಾ ಪೆಡಲಿನ ಔಟ್‌ಪುಟ್ಟಿಗೂ ಆಂಪನ್ನು ಇನ್‌ಪುಟ್ಟಿಗೂ ಸಿಕ್ಕಿಸಿದ್ದರಿಂದ ಹುಟ್ಟಿದ ಸದ್ದು ಅದು. ಬಫರ್ ಇರುವ ಈಚಿನ ಪೆಡಲ್‌ಗಳಲ್ಲಿ ಈ ಆಟ ನಡೆಯದು.

1972ರಲ್ಲಿ ಆಸ್ಕರ್ ಗೆದ್ದ ‘ಶಾಫ್ಟ್’ ಚಿತ್ರದ ಶೀರ್ಷಿಕೆ ಗೀತೆಯ ವಾ ಗಿಟಾರ್ ಚಾರ್ಲ್ಸ್ ‘ಸ್ಕಿಪ್’ ಪಿಟ್ಸ್ ಅವರದು.

ಕಾಲಾಡಿಸಲೇಬೇಕೆಂಬ ನಿಯಮವಿಲ್ಲ. ಮಿಕ್ ರಾನ್ಸನ್ ಡೇವಿಡ್ ಬೋವಿಯ ಹಾಡುಗಳಲ್ಲಿ ಪೆಡಲನ್ನು ಅರ್ಧದಲ್ಲೇ ನಿಲ್ಲಿಸಿ, ಮೂಗಿನಿಂದ ಹೊರಟಂಥ ದನಿಯನ್ನು ತನ್ನ ಗುರುತಾಗಿಸಿಕೊಂಡ. ಇದಕ್ಕೆ ವಿರುದ್ಧ ತುದಿಯಲ್ಲಿರುವವನು ಮೆಟಾಲಿಕಾದ ಕರ್ಕ್ ಹ್ಯಾಮೆಟ್. ಸೋಲೋ ಬಂತೆಂದರೆ ಕಾಲು ಪೆಡಲಿನ ಮೇಲೆಯೇ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಆ ತಂಡ ನುಡಿಸಿದಾಗ ಇದ್ದವರಿಗೆ ವಿವರಿಸಬೇಕಿಲ್ಲ.

ಬ್ಯಾಟರಿ ಬೇಗ ಸಾಯುತ್ತಿದೆಯೇ? ಇನ್‌ಪುಟ್ಟಿಗೆ ಕೇಬಲ್ ಸಿಕ್ಕಿಸಿದ್ದಷ್ಟೂ ಹೊತ್ತು ಪೆಡಲ್ ಚಾಲೂ ಇರುತ್ತದೆ, ನುಡಿಸಿ ಮುಗಿದ ಮೇಲೆ ಕಿತ್ತಿಡಿ. ಬೆಸುಗೆಗೆ ಕೈ ಹಾಕುವುದಾದರೆ ಒಂದು ಬಾರಿಗೆ ಒಂದೇ ಬಿಡಿಭಾಗ ಬದಲಿಸಿ, ಮೊದಲೇ ಬೋರ್ಡಿನ ಫೋಟೊ ತೆಗೆದುಕೊಳ್ಳಿ, ಕಳಚಿದ್ದನ್ನು ಎಸೆಯಬೇಡಿ.